ಪಾಯಿಂಟ್ ತೊಂಬತ್ತೆಂಟು

ಕೋಲ್ಕತಾ
8 ಜನವರಿ 2025

ಗಣಪಯ್ಯ ಮಾವನಿಗೆ ರಾಜೀವಿಯ ನಮಸ್ಕಾರ.

ಕಾಗದ ಕಂಡ ಕೂಡಲೇ ಹೆದರಬೇಡಿ, ಇಲ್ಲಿ ಎಲ್ಲರೂ ಹುಷಾರಾಗಿದ್ದೇವೆ. ಹೀಗೆ ಬರೆದ ಮೇಲೆ, ಹೆದರಬೇಡಿ ಎಂದಳಲ್ಲ, ಹಾಗಾದರೆ ಏನೋ ಉಂಟು ಎಂದು ನೀವು ಹೆದರುತ್ತೀರೇನೋ ಅಂತ ನನಗೆ ಈಗ ಹೆದರಿಕೆ. ಫೋನು ಮಾಡುವ ಎಂದರೆ ನಿಮ್ಮ ಕಿವಿ ಪೂರ್ತಿ ಹೋಗಿದೆ. ನಿಮ್ಮ ಸೊಸೆ ಶರ್ಮಿಳಾ ನಡುವೆ ನಿಂತು ಕೂಗಿ ಹೇಳಿದರೆ ನಾಲ್ಕು ಹೋಗಿ ಹದಿನಾಲ್ಕು ಆಗುತ್ತದೆ. ನನ್ನ ವಿಷಯದಲ್ಲಿ ಅಂಕಿ ತಪ್ಪಬಾರದು. ಅದಕ್ಕೇ ಬರೆಯುತ್ತಿದ್ದೇನೆ.

ಸಿಯಾಲ್ದಾ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ನಮ್ಮ ವರ್ಕ್‌ಶಾಪು ಇರುವುದು ನಿಮಗೆ ಗೊತ್ತು. ಈಗ ಅಲ್ಲಿ ಟೋಟೋ ಮೋಟಾರು ಬಿಟ್ಟು ಬೇರೆ ಕೆಲಸ ಇಲ್ಲ. ಬ್ಯಾಟರಿ ರಿಕ್ಷಾಕ್ಕೆ ಇಲ್ಲಿಯವರು ಟೋಟೋ ಎನ್ನುತ್ತಾರೆ. ಹೆಂಗಸರು ಆರು ಜನ ತಂತಿ ಸುತ್ತುತ್ತಾರೆ, ನಾನು ಕೊನೆಯ ಬೆಂಚಿನಲ್ಲಿ ಕೂತು ಪರೀಕ್ಷೆ ಮಾಡುತ್ತೇನೆ. ನನ್ನ ಸಹಿ ಇಲ್ಲದೆ ಒಂದು ಮೋಟಾರೂ ಹೊರಗೆ ಹೋಗುವುದಿಲ್ಲ. ಹನ್ನೊಂದು ವರ್ಷದಿಂದ ಹೀಗೆಯೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟು ದೊಡ್ಡ ಜಾಗ ಹೇಗೆ ಸಿಕ್ಕಿತು ಎಂದು ನನಗೇ ಆಗಾಗ ದಿಗಿಲಾಗುತ್ತದೆ.

ಪರೀಕ್ಷೆ ನೀವು ಕುಂದಾಪುರದ ನಿಮ್ಮ ಮೋಟಾರು ಅಂಗಡಿಯಲ್ಲಿ ಕಲಿಸಿದ ಹಾಗೆಯೇ. ಶಾಫ್ಟಿಗೆ ನೀವು ಕೊಟ್ಟ ಡ್ರಮ್, ಡ್ರಮ್ಮಿನ ಮೇಲೆ ಹಗ್ಗ, ಹಗ್ಗದ ಎರಡು ತುದಿಗೆ ಎರಡು ಸ್ಪ್ರಿಂಗ್ ತಕ್ಕಡಿ. ಮೋಟಾರು ತಿರುಗುತ್ತಿರುವಾಗ ಹಗ್ಗ ಬಿಗಿ ಮಾಡುತ್ತಾ ಹೋಗುವುದು, ಎಷ್ಟು ಕರೆಂಟು ಎಳೆಯಬೇಕೋ ಅಷ್ಟಾದ ಮೇಲೆ ಎರಡು ತಕ್ಕಡಿ ಓದುವುದು. ದೊಡ್ಡದರಿಂದ ಸಣ್ಣದು ಕಳೆದು, ಉಳಿದ ಕಿಲೋವನ್ನು ಪಾಯಿಂಟ್ ತೊಂಬತ್ತೆಂಟರಿಂದ ಗುಣಿಸುವುದು. ಬಂದದ್ದೇ ಟಾರ್ಕ್, ಮೋಟಾರು ಎಷ್ಟು ಬಲವಾಗಿ ತಿರುಗುತ್ತದೆ ಎನ್ನುವ ಲೆಕ್ಕ.

ಕಳೆದ ವಾರ ನಮ್ಮ ಮಾಲೀಕ ಮಿಥುನ್‌ದಾ ಹೊಸ ಸೆನ್ಸರ್ ತರಿಸಿದರು. ಮುಷ್ಟಿಯಷ್ಟೇ ಇದೆ. ಅದನ್ನು ಮೋಟಾರಿಗೂ ನನ್ನ ಡ್ರಮ್ಮಿಗೂ ನಡುವೆ ಕೂರಿಸಿದ್ದಾರೆ. ಒಳಗಿನ ಶಾಫ್ಟು ಕೂದಲೆಳೆಯಷ್ಟು ತಿರುಚಿಕೊಂಡರೂ ಅದಕ್ಕೆ ತಿಳಿಯುತ್ತದಂತೆ. ಪರದೆಯ ಮೇಲೆ ಟಾರ್ಕ್ ತಾನಾಗಿ ಬೀಳುತ್ತದೆ. ಕಳೆಯುವುದಿಲ್ಲ, ಗುಣಿಸುವುದಿಲ್ಲ.

ತೊಂದರೆ ಎಂತದು ಎಂದರೆ, ಒಂದೇ ಮೋಟಾರಿಗೆ ಅದು 4.20 ಎನ್ನುತ್ತದೆ, ನನ್ನ ಹಗ್ಗ 3.96 ಎನ್ನುತ್ತದೆ. ಈಗ ಕೈಯಲ್ಲಿರುವುದು ಶಾಲೆಯ ಮಕ್ಕಳನ್ನು ಒಯ್ಯುವ ಟೋಟೋಗಳಿಗೆ ಅರವತ್ತು ಮೋಟಾರು. 4.1ಕ್ಕಿಂತ ಕಡಿಮೆ ಇದ್ದರೆ ತೆಗೆದುಕೊಳ್ಳುವುದಿಲ್ಲ ಎಂದು ಬರೆದೇ ಕೊಟ್ಟಿದ್ದಾರೆ. ಇಷ್ಟರವರೆಗೆ ಓಡಿಸಿ ನೋಡಿದವು, ಸೆನ್ಸರ್ ಕೇಳಿದರೆ ಎಲ್ಲ ಪಾಸು. ನನ್ನನ್ನು ಕೇಳಿದರೆ ಎಲ್ಲ ಫೇಲು.

ಸ್ಪ್ರಿಂಗ್ ಕೆಟ್ಟಿತೇನೋ ಎಂದು ಒಂದು ಕಿಲೋ ಸಕ್ಕರೆ ಪೊಟ್ಟಣಗಳನ್ನು ತಂದು ತೂಗಿದೆ. ಸರಿಯೇ ಇದೆ. ಬೇರಿಂಗು ನೋಡಿದೆ, ಡ್ರಮ್ಮು ಬಿಸಿಯಾಗದ ಹಾಗೆ ಅದರ ಒಳಗೆ ಹಾಕುವ ನೀರು ನೋಡಿದೆ. ಮನೆಯಲ್ಲಿ ಇವರು ಹೇಳುತ್ತಾರೆ, "ನೀನು ಚಿಂತೆ ಮಾಡಿದ್ದಕ್ಕೆ ಯಾರಾದರೂ ಸಂಬಳ ಕೊಟ್ಟಿದ್ರೆ ನಾನು ಎಸ್ಪ್ಲನೇಡ್ ಹೋಟೆಲಿನಲ್ಲಿ ದೋಸೆ ಹೊಯ್ಯೋದು ಬಿಟ್ಟು ಮನೆಯಲ್ಲಿ ಕಾಲು ಚಾಚಿ ಕೂರ್ತಿದ್ದೆ." ನಗೆಯಾಡಲಿ ಬಿಡಿ.

ನೀವು ಒಂದೇ ಒಂದು ಮಾತು ಬರೆಯಿರಿ ಮಾವ. ಪಾಯಿಂಟ್ ತೊಂಬತ್ತೆಂಟು ಸರಿಯಷ್ಟೇ?

ರಾಜೀವಿ


ಕುಂದಾಪುರ
16 ಜನವರಿ 2025

ರಾಜೀವಿ,

ಕಾಗದ ಬಂತು. ಅಂಕಿ ಸರಿ ಉಂಟು. ನಲವತ್ತು ವರ್ಷ ಅದೇ ಅಂಕಿಯಲ್ಲಿ ಮೋಟಾರು ಕೊಟ್ಟಿದ್ದೇನೆ, ಒಂದೂ ವಾಪಸ್ಸು ಬಂದದ್ದಿಲ್ಲ. ಪರದೆಯ ಮೇಲೆ ಬಿದ್ದದ್ದೆಲ್ಲ ಸತ್ಯ ಅಲ್ಲ. ನಿನ್ನ ಕೈ ನನಗೆ ಗೊತ್ತು. ಮಕ್ಕಳು ಕೂರುವ ಗಾಡಿ ಎಂದು ಬರೆದಿದ್ದೀ. ಮತ್ತೆ ಎಂತದು ಯೋಚನೆ? ಸಹಿ ಹಾಕಬೇಡ.

ಕಾಗದ ಇಷ್ಟು ಉದ್ದ ಬರೆಯುವುದು ಬೇಡ. ಓದಿ ಮುಗಿಸುವಾಗ ಚಾ ತಣಿಯುತ್ತದೆ.

ಗಣಪಯ್ಯ


ಕೋಲ್ಕತಾ
24 ಜನವರಿ 2025

ಮಾವನಿಗೆ ನಮಸ್ಕಾರ.

ನಿಮ್ಮ ಕಾರ್ಡು ಬಂದ ದಿನ ನಾನು ಎರಡು ಹೊತ್ತೂ ಹೊಟ್ಟೆ ತುಂಬ ಉಂಡೆ. ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋದೆ. ಉದ್ದ ಬರೆಯಬೇಡ ಎಂದಿರಿ. ಇಂದು ಬರೆಯಲೇಬೇಕು, ಚಾ ಕುಡಿದ ಮೇಲೆ ಓದಿ.

ಮಿಥುನ್‌ದಾ ಪರೀಕ್ಷೆಯ ಹಾಳೆಗಳನ್ನು ತಂದು ಮುಂದಿಟ್ಟರು. ಸೆನ್ಸರಿನ ಅಂಕಿ ಮೊದಲೇ ತುಂಬಿಸಿ ಆಗಿತ್ತು. ಸಹಿ ಹಾಕು ಎಂದರು. ಹಾಕುವುದಿಲ್ಲ ಎಂದೆ. ನನ್ನ ಬಾಯಿಂದ ಅಷ್ಟು ಗಟ್ಟಿಯಾಗಿ ಮಾತು ಹೊರಟದ್ದು ಕೇಳಿ ತಂತಿ ಸುತ್ತುವವರು ಆರು ಜನರೂ ಕೈ ನಿಲ್ಲಿಸಿದರು.

"ರಾಜಿದಿ, ವಿದೇಶದಿಂದ ಬಂದ ಯಂತ್ರ ಸುಳ್ಳು, ನಿನ್ನ ಈ ಗೋಣಿಮೂಟೆ ಕಟ್ಟೋ ಹಗ್ಗ ಸತ್ಯ ಅಲ್ವಾ?" ಎಂದರು ಮಿಥುನ್‌ದಾ.

"ನನ್ನ ಹಗ್ಗಕ್ಕೆ ಯಾರನ್ನೂ ಮೆಚ್ಚಿಸಬೇಕಂತ ಇಲ್ಲ," ಎಂದೆ. "ಟೋಟೋದಲ್ಲಿ ಆರು ಮಕ್ಕಳು, ಆರು ಚೀಲ. ಸೇತುವೆ ಏರುವಾಗ ಬಲ ಸಾಲದೆ ಗಾಡಿ ಹಿಂದಕ್ಕೆ ಜಾರಿದರೆ ಆಗ ಪರದೆ ಬಂದು ದೂಡ್ತದಾ?"

ಯಾರೋ ಫಕ್ಕನೆ ನಕ್ಕರು. ಮಿಥುನ್‌ದಾ ನಗಲಿಲ್ಲ. ಕೆಟ್ಟ ಮನುಷ್ಯ ಅಲ್ಲ ಅವರು, ಆದರೆ ಕೊಂಡುಕೊಳ್ಳುವವರ ಕಡೆಯಿಂದ ಫೆಬ್ರವರಿ ಹತ್ತಕ್ಕೆ ಜನ ಬರುತ್ತಾರೆ. ಅವರ ಕಣ್ಣೆದುರೇ ಅರವತ್ತನ್ನೂ ಪರೀಕ್ಷೆ ಮಾಡಿ ತೋರಿಸಬೇಕು. ಅಷ್ಟರಲ್ಲಿ ನನ್ನ ಅಂಕಿ ಏಕೆ ಬೇರೆ ಎಂದು ನಾನು ತೋರಿಸಿಕೊಡಬೇಕಂತೆ. ತೋರಿಸಲು ಆಗದಿದ್ದರೆ ಬೆಂಚು ಸೆನ್ಸರಿನದ್ದು, ನಾನು ತಂತಿ ಸುತ್ತುವ ಸಾಲಿಗೆ ವಾಪಸ್ಸು. ಹನ್ನೊಂದು ವರ್ಷದ ಜಾಗ ಮಾವ.

ಸೆನ್ಸರನ್ನು ಕೂರಿಸಲು ಬಂದ ಹುಡುಗಿ ನಮ್ಮವಳೇ, ಇಂಚರಾ ಎಂದು ಹೆಸರು. ಇಲ್ಲಿಯ ಯೂನಿವರ್ಸಿಟಿಯಲ್ಲಿ ಮೋಟಾರಿನ ಮೇಲೆಯೇ ಸಂಶೋಧನೆ ಮಾಡುತ್ತಾಳೆ. ಅಪ್ಪ ಅಮ್ಮ ಮೈಸೂರಿನವರು, ಇವಳು ಹುಟ್ಟಿ ಬೆಳೆದದ್ದು ಇಲ್ಲಿ. ಕನ್ನಡ ಅರ್ಥ ಆಗುತ್ತದೆ, ಮಾತಾಡುವಾಗ ಅರ್ಧಕ್ಕೇ ಇಂಗ್ಲಿಷಿಗೆ ಜಾರುತ್ತಾಳೆ. ಅವಳು ಮೆಲ್ಲ ಹತ್ತಿರ ಬಂದು ಕೇಳಿದಳು.

"ಆಂಟಿ, ಈ ಪಾಯಿಂಟ್ ನೈಂಟಿ ಎಯ್ಟ್ ಎಲ್ಲಿಂದ ಬಂತು?"

"ಕುಂದಾಪುರದಿಂದ," ಎಂದೆ.

"ಅಲ್ಲ ಆಂಟಿ, ಐ ಮೀನ್, ಅದರ ಒಳಗೆ ಏನಿದೆ?"

ಮಾವ, ಅಂಕಿಯ ಒಳಗೆ ಏನಾದರೂ ಇರುತ್ತದೆ ಎಂದೇ ನನಗೆ ಹೊಳೆದಿರಲಿಲ್ಲ. ಅವಳು ಹಂಗಿಸಲಿಲ್ಲ. ಅದು ಇನ್ನೂ ಕಷ್ಟವಾಯಿತು. ನಾಚಿಕೆಯಾಗಿ, ನಮ್ಮ ಮಾವನನ್ನು ಕೇಳಿ ಹೇಳುತ್ತೇನೆ ಎಂದೆ.

ಈಗ ಕೇಳುತ್ತಿದ್ದೇನೆ. ಪಾಯಿಂಟ್ ತೊಂಬತ್ತೆಂಟರ ಒಳಗೆ ಎಂತ ಉಂಟು? ನೀವು ಬರೆದರೆ ಹತ್ತನೇ ತಾರೀಕಿಗೆ ಎಲ್ಲರ ಮುಂದೆ ಎದ್ದು ನಿಂತು ಹೇಳುತ್ತೇನೆ. ಅಂಕಿ ಸರಿ ಎಂದು ನೀವು ಹೇಳಿದ ಮೇಲೆ ನನಗೆ ಧೈರ್ಯ ಉಂಟು. ಆದರೂ ಕಾಗದ ದಾರಿಯಲ್ಲಿ ಕಳೆದುಹೋದೀತು ಎಂದು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ.

ರಾಜೀವಿ


ಕುಂದಾಪುರ
31 ಜನವರಿ 2025

ರಾಜೀವಿ,

ನಿನ್ನ ಕಾಗದ ಸಿಕ್ಕಿದೆ. ನಿನ್ನ ಅತ್ತೆಗೆ ಮೊಣಕಾಲು ನೋವು, ಎಣ್ಣೆ ಹಚ್ಚುತ್ತಾಳೆ. ಬಾವಿಯ ಪಂಪು ಕೆಟ್ಟಿತ್ತು, ನಾನೇ ಬಿಚ್ಚಿ ನೋಡಿದೆ. ಕೆಪಾಸಿಟರ್ ಹೋಗಿತ್ತು. ಬದಲಿಸಿದೆ, ಈಗ ನೀರು ಚೆನ್ನಾಗಿ ಬರುತ್ತದೆ. ಶರ್ಮಿಳಾ ಟೆರೇಸಿನಲ್ಲಿ ಬಸಳೆ ಹಾಕಿದ್ದಾಳೆ.

ನೀನು ಕೇಳಿದ್ದರ ಬಗ್ಗೆ ಹಳೆಯ ಪುಸ್ತಕ ಹುಡುಕಬೇಕು. ಅಟ್ಟದಲ್ಲಿ ಉಂಟೋ ಏನೋ. ಅಷ್ಟರವರೆಗೆ ಆ ಹುಡುಗಿಯ ಹತ್ತಿರ ಜಾಸ್ತಿ ಮಾತು ಬೇಡ.

ನೀನು ಈಗ ಎಂತ ಹಗ್ಗ ಹಾಕುತ್ತೀ?

ಗಣಪಯ್ಯ


ಕೋಲ್ಕತಾ
4 ಫೆಬ್ರವರಿ 2025

ಮಾವನಿಗೆ ನಮಸ್ಕಾರ.

ನಿಮ್ಮ ಉತ್ತರ ಬಂದಿಲ್ಲ. ಹುಷಾರಿಲ್ಲವೋ, ಜಾರಿ ಬಿದ್ದಿರೋ, ನನ್ನ ಕಾಗದವೇ ಮುಟ್ಟಲಿಲ್ಲವೋ ಎಂದು ದಿನಕ್ಕೊಂದು ಬಗೆಯ ಚಿಂತೆ ಮಾಡಿದೆ. ಶರ್ಮಿಳಾಳಿಗೆ ಫೋನು ಮಾಡಿದರೆ ಅವಳು, "ಮಾವ ಚೆನ್ನಾಗಿದ್ದಾರೆ ಅಕ್ಕ, ಯಾಕೋ ಊಟ ಮಾತ್ರ ಸರಿ ಮಾಡುವುದಿಲ್ಲ," ಎಂದಳು. ಡಾಕ್ಟರಿಗೆ ತೋರಿಸಿ.

ನಾನು ನಿಮ್ಮನ್ನು ಕೇಳಿದ್ದಕ್ಕೆ ಉತ್ತರ ನನಗೇ ಸಿಕ್ಕಿತು. ನಿಮಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ನೇರ ಬರೆದುಬಿಡುತ್ತೇನೆ. ತಪ್ಪು ನನ್ನದು.

ಶನಿವಾರ ನಾನು ದಿನಾ ಹಾಕುವ ದಪ್ಪ ಹಗ್ಗ ತುಂಡಾಯಿತು. ಬೇರೆ ಕೈಗೆ ಸಿಗದೆ, ಟ್ರಂಕಿನ ತಳದಲ್ಲಿದ್ದ ಹಳೆಯ ತೆಳು ಹತ್ತಿ ಹಗ್ಗ ತೆಗೆದೆ. ನಾನು ಊರು ಬಿಡುವಾಗ ಡ್ರಮ್ಮಿನ ಜೊತೆ ನೀವು ಕೊಟ್ಟದ್ದು. ಬೆಳಿಗ್ಗೆ ಪರೀಕ್ಷೆ ಮಾಡಿದ ಮೋಟಾರನ್ನೇ ಮತ್ತೆ ಓಡಿಸಿದೆ, ಅದೇ ಕರೆಂಟು. ಮೊದಲು 3.96 ತೋರಿಸಿದ ಮೋಟಾರು ಈಗ 4.19. ಸೆನ್ಸರ್ ಆಗಲೂ ಈಗಲೂ 4.20. ಮೋಟಾರು ಬದಲಿಸಿ ನೋಡಿದೆ. ಮತ್ತೊಂದು ಮೋಟಾರು, ಮತ್ತೊಂದು. ತೆಳು ಹಗ್ಗದಲ್ಲಿ ನಾನೂ ಸೆನ್ಸರೂ ಒಂದೇ. ದಪ್ಪ ಹಗ್ಗದಲ್ಲಿ ಬೇರೆ.

ಭಾನುವಾರವಿಡೀ ಅನ್ನ ಸೇರಲಿಲ್ಲ. ನಿನ್ನೆ ಸರಸ್ವತಿ ಪೂಜೆ. ವರ್ಕ್‌ಶಾಪಿನಲ್ಲೇ ಸಣ್ಣ ಮೂರ್ತಿ ಇಟ್ಟಿದ್ದರು. ನಮ್ಮಲ್ಲಿ ನವರಾತ್ರಿಗೆ ಪುಸ್ತಕ ಇಡುವ ಹಾಗೆ ಇಲ್ಲಿ ಈ ದಿನ ಪುಸ್ತಕ, ಪೆನ್ನು ಎಲ್ಲ ದೇವಿಯ ಮುಂದೆ. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಇಂಚರಾ ಹಳದಿ ಸೀರೆ ಉಟ್ಟು ಖಿಚುಡಿ ತಿನ್ನಲು ಬಂದಿದ್ದಳು. ಅವಳನ್ನು ಬೆಂಚಿನ ಹತ್ತಿರ ಕರೆದು ಎರಡು ಹಗ್ಗ ಕೈಗೆ ಕೊಟ್ಟೆ. ಆದದ್ದು ಹೇಳಿದೆ. ಅವಳ ಕಣ್ಣು ಅರಳಿತು. ಪೆನ್ನಿಗೆ ಕೈ ಹಾಕಿದಳು, ಪೆನ್ನು ದೇವಿಯ ಹತ್ತಿರ.

"ಅಯ್ಯೋ ಆಂಟಿ, ಫಾರ್ಮುಲಾ ಬರೆಯೋಕಾಗಲ್ಲ ಇವತ್ತು! ಎಕ್ಸಾಮಲ್ಲಿ ಫೇಲ್ ಆಗ್ತೀನಿ."

"ನಿನ್ನ ಫಾರ್ಮುಲಾ ನನಗೆ ಓದ್ಲಿಕ್ಕೂ ಬರುವುದಿಲ್ಲ ಮಗಾ. ಬಾಯಲ್ಲಿ ಹೇಳು."

ಅವಳು ಒಂದು ಗಿಡ್ಡ ಸ್ಪ್ಯಾನರ್, ಒಂದು ಉದ್ದ ಸ್ಪ್ಯಾನರ್ ಎತ್ತಿಕೊಟ್ಟು, ಬಿಗಿಯಾದ ನಟ್ಟು ಯಾವುದರಲ್ಲಿ ಸುಲಭ ಎಂದಳು. ಉದ್ದದ್ದರಲ್ಲಿ, ಅದು ಯಾರಿಗೆ ಗೊತ್ತಿಲ್ಲ? ಯಾಕೆ ಎಂದಳು. ಕೈ ನಟ್ಟಿನಿಂದ ದೂರ ಇರುತ್ತದಲ್ಲ, ಎಂದೆ. "ಈಗ ಡ್ರಮ್ ನೋಡಿ. ಹಗ್ಗದ ಎಳೆತ ಶಾಫ್ಟಿನಿಂದ ಎಷ್ಟು ದೂರದಲ್ಲಿದೆ?" ಡ್ರಮ್ಮಿನ ಮೈಯ ಮೇಲೆ, ಎನ್ನಲು ಹೊರಟವಳು ಕೈಯಲ್ಲಿದ್ದ ಹಗ್ಗ ನೋಡಿದೆ. ಮೈಯ ಮೇಲೆ ಅಲ್ಲ. ಹಗ್ಗದ ನಡುವಿನಲ್ಲಿ. ಹಗ್ಗ ದಪ್ಪ ಆದಷ್ಟೂ ಅದರ ನಡು ಶಾಫ್ಟಿನಿಂದ ದೂರ ಹೋಗುತ್ತದೆ. ದೂರದಿಂದ ಹಿಡಿದರೆ ಕಡಿಮೆ ಬಲ ಸಾಕು, ತಕ್ಕಡಿ ಕಡಿಮೆ ತೋರಿಸುತ್ತದೆ. ಮೋಟಾರಿನ ಬಲ ಕಡಿಮೆಯಾದದ್ದಲ್ಲ, ನನ್ನ ಸ್ಪ್ಯಾನರ್ ಉದ್ದವಾದದ್ದು.

ದಾರ ಹಿಡಿದು ಅಳೆದೆವು. ತೆಳು ಹಗ್ಗ ಸುತ್ತಿದಾಗ ಶಾಫ್ಟಿನ ನಡುವಿನಿಂದ ಹಗ್ಗದ ನಡುವಿಗೆ ಸರಿಯಾಗಿ ಹತ್ತು ಸೆಂಟಿಮೀಟರ್. ಒಂದು ಕಿಲೋವನ್ನು ಭೂಮಿ ಎಳೆಯುವುದು 9.8 ಅಂತೆ. ಅದನ್ನು ಮೀಟರಿನ ಹತ್ತನೇ ಒಂದು ಪಾಲಿನಿಂದ ಗುಣಿಸಿದರೆ ಪಾಯಿಂಟ್ ತೊಂಬತ್ತೆಂಟು. ಅಂಕಿಯ ಒಳಗೆ ಇದ್ದದ್ದು ನಿಮ್ಮ ಡ್ರಮ್ಮು ಮತ್ತು ನಿಮ್ಮ ತೆಳು ಹಗ್ಗ! ದಪ್ಪ ಹಗ್ಗಕ್ಕೆ ದೂರ ಹತ್ತು ಪಾಯಿಂಟ್ ಆರು. ಹಾಗಾಗಿ ಅಂಕಿ ಒಂದು ಪಾಯಿಂಟ್ ಸೊನ್ನೆ ನಾಲ್ಕು. ಗುಣಾಕಾರ ಫೋನಿನಲ್ಲಿ ಮಾಡಿದೆವು, ಅದನ್ನು ದೇವಿಯ ಮುಂದೆ ಇಟ್ಟಿರಲಿಲ್ಲವಲ್ಲ.

ನಾಲ್ಕು ವರ್ಷದ ಹಿಂದೆ ಹತ್ತಿ ಹಗ್ಗ ಬೇಗ ಸುಡುತ್ತದೆ ಎಂದು ನಾನೇ ಸಣಬಿನ ದಪ್ಪ ಹಗ್ಗಕ್ಕೆ ಬದಲಿಸಿದ್ದು. ಅದನ್ನು ನಿಮಗೆ ಬರೆಯಲೂ ಇಲ್ಲ. ಹಗ್ಗ ಬದಲಿಸುವುದು ಬರೆಯುವಷ್ಟು ದೊಡ್ಡ ವಿಷಯ ಎಂದು ಅನ್ನಿಸಲೇ ಇಲ್ಲ.

ಮಿಥುನ್‌ದಾ ಕಂಡುಹಿಡಿಯುವ ಮೊದಲು ನಾನೇ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡು, "ಹಾಗಾದರೆ ಅರವತ್ತೂ ಪಾಸು?" ಎಂದರು. ಇಲ್ಲ, ಹತ್ತನೇ ತಾರೀಕು ಒಂದೊಂದನ್ನೇ ಓಡಿಸಿದ ಮೇಲೆ, ಎಂದೆ. ಅವರು ನನ್ನ ಜಾಗದ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೇಳಲಿಲ್ಲ.

ಕಷ್ಟದ ಮಾತು ಇನ್ನೊಂದು ಉಂಟು. ನಾಲ್ಕು ವರ್ಷದಲ್ಲಿ ಬಲ ಸಾಲದು ಎಂದು ನಾನು ಎಷ್ಟು ಒಳ್ಳೆಯ ಮೋಟಾರನ್ನು ಬಿಚ್ಚಿಸಿ ಮತ್ತೆ ಸುತ್ತಿಸಿದ್ದೇನೆ? ಜಾಸ್ತಿ ಅನುಭವಿಸಿದ್ದು ಅಪರ್ಣಾ. ಮೊದಲ ಸಾಲಿನಲ್ಲಿ ತಂತಿ ಸುತ್ತುವವಳು. ಒಮ್ಮೆ ಒಂದೇ ಮೋಟಾರನ್ನು ಮೂರು ಸಲ ಬಿಚ್ಚಿಸಿದಾಗ ಅತ್ತಿದ್ದಳು. ಅವಳಿಗೂ ಹೇಳಿದೆ. "ನನ್ನ ಕೈ ಸರಿ ಇದೆ ಅಂತ ನಾನು ಆವತ್ತೇ ಹೇಳಿದ್ದೆ," ಎಂದು ಇಷ್ಟೇ ಹೇಳಿ ಮುಖ ತಿರುಗಿಸಿದಳು. ಇಂದೂ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ.

ನಿಮ್ಮ ಅಂಕಿ ಸರಿ ಇತ್ತು ಮಾವ. ನಾನು ಕೆಡಿಸಿದೆ. ಸಿಟ್ಟು ಮಾಡಬೇಡಿ.

ರಾಜೀವಿ


ಕುಂದಾಪುರ
6 ಫೆಬ್ರವರಿ 2025

ರಾಜೀವಿ,

ನಿನ್ನಿಂದ ಮತ್ತೆ ಕಾಗದ ಬಂದಿಲ್ಲ. ಇದು ತಲುಪುವಾಗ ಹತ್ತನೇ ತಾರೀಕು ದಾಟಿರಬಹುದು. ಮೊದಲೇ ಬರೆಯಬೇಕಿತ್ತು. ಪುಸ್ತಕ ಅಟ್ಟದಲ್ಲಿ ಇರಲಿಲ್ಲ. ಪುಸ್ತಕವೇ ಇಲ್ಲ. ಲೆಕ್ಕ ನನ್ನ ತಲೆಯಲ್ಲಿಯೇ ಉಂಟು, ಯಾವಾಗಲೂ ಇತ್ತು.

ಪಾಯಿಂಟ್ ತೊಂಬತ್ತೆಂಟು ಎಂದರೆ ಶಾಫ್ಟಿನ ನಡುವಿನಿಂದ ಹಗ್ಗದ ನಡುವಿಗೆ ಹತ್ತು ಸೆಂಟಿಮೀಟರ್. ಆ ಡ್ರಮ್ಮಿಗೆ, ಆ ತೆಳು ಹಗ್ಗಕ್ಕೆ ಮಾತ್ರ. ಹಗ್ಗ ದಪ್ಪವಾದರೆ ಅಂಕಿ ಬದಲಿಸಬೇಕು. ನಿನ್ನ ಮಾಲೀಕ ಗೋಣಿಮೂಟೆ ಕಟ್ಟುವ ಹಗ್ಗ ಎಂದು ಹಂಗಿಸಿದ್ದನ್ನು ಓದಿದೊಡನೆ ನನಗೆ ಗೊತ್ತಾಯಿತು. ನಾನು ಕೊಟ್ಟದ್ದು ಹತ್ತಿಯದ್ದು. ನಾನೇ ಸಹಿ ಹಾಕಬೇಡ ಎಂದು ಬರೆದು ಆಗಿತ್ತು. ನೀನು ಆ ಮಾತು ಹಿಡಿದುಕೊಂಡು ಎಲ್ಲರ ಮುಂದೆ ನಿಂತಿದ್ದೆ. ಆಮೇಲೆ ನಿನಗೆ ಎಂತ ಬರೆಯುವುದು? ಪಂಪಿನ ಸುದ್ದಿ ಬರೆದೆ.

ಲೆಕ್ಕ ಏಕೆ ಕಲಿಸಲಿಲ್ಲ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ನಿನಗಿಂತ ಮೊದಲು ನನ್ನ ಹತ್ತಿರ ಪ್ರವೀಣ ಎಂಬವನು ಇದ್ದ. ಅವನಿಗೆ ಎಲ್ಲ ಕಲಿಸಿದೆ, ಅಂಕಿ, ಲೆಕ್ಕ, ಕಾರಣ. ಕಲಿತು ಮುಗಿದ ತಿಂಗಳೇ ನನ್ನ ಅಂಗಡಿಯ ಎದುರಿಗೆ ಅಂಗಡಿ ಹಾಕಿದ. ಆಮೇಲೆ ನಾನು ಯಾರಿಗೂ ಅಂಕಿ ಬಿಟ್ಟು ಬೇರೆ ಎಂತದೂ ಹೇಳಲಿಲ್ಲ. ನಿನ್ನ ಕೈ ಅವನದ್ದಕ್ಕಿಂತ ಚುರುಕು. ಲೆಕ್ಕ ಗೊತ್ತಾದರೆ ನೀನೂ ಹೋಗುತ್ತೀ ಎಂದುಕೊಂಡೆ.

ಶಾಲೆ ಬಿಟ್ಟವಳಿಗೆ ಅರ್ಥ ಆಗುವುದಿಲ್ಲ ಎಂದು ಅಲ್ಲ. ಅದನ್ನು ಮಾತ್ರ ನೀನು ತಪ್ಪು ತಿಳಿಯಬೇಡ.

ಗಣಪಯ್ಯ


ಕೋಲ್ಕತಾ
13 ಫೆಬ್ರವರಿ 2025

ಮಾವ,

ಬಾವಿಯ ಪಂಪಿನ ಕಾಗದ ಹತ್ತನೇ ತಾರೀಕಿನ ಮೊದಲೇ ಬಂದಿತ್ತು. ಅದರ ಕೊನೆಯ ಸಾಲು ಓದಿ, ನಿಮಗೆ ಎಲ್ಲ ಗೊತ್ತುಂಟು ಎಂದು ನನಗೆ ಆಗಲೇ ತಿಳಿಯಿತು. ನಿನ್ನೆ ನಿಮ್ಮ ಆರನೇ ತಾರೀಕಿನ ಕಾಗದ ಬಂತು. ಎರಡು ಸಲ ಓದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹತ್ತನೇ ತಾರೀಕಿನ ಸಂಗತಿ.

ಕೊಂಡುಕೊಳ್ಳುವವರ ಕಡೆಯಿಂದ ಬಂದವರು ಒಬ್ಬರು ವಯಸ್ಸಾದ ಮನುಷ್ಯರು, ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಅದನ್ನೇ ಹುಡುಕುವವರು. ಬೆಳಿಗ್ಗೆ ಒಂಬತ್ತಕ್ಕೆ ಶುರು. ನಾನು ಎರಡು ಹೊಸ ಹತ್ತಿ ಹಗ್ಗ ಇಟ್ಟುಕೊಂಡಿದ್ದೆ, ನಿಮ್ಮದರಷ್ಟೇ ತೆಳು, ದಾರ ಹಿಡಿದು ಅಳೆದದ್ದು. ಹಗ್ಗದ ಅಂಕಿ ನಾನು ಕೂಗುವುದು, ಪರದೆಯ ಅಂಕಿ ಇಂಚರಾ ಕೂಗುವುದು, ಎರಡನ್ನೂ ಆ ಮನುಷ್ಯರು ಬರೆದುಕೊಳ್ಳುವುದು. 4.19, 4.20. 4.22, 4.22. ಊಟದ ಹೊತ್ತಿಗೆ ಮೂವತ್ತೆರಡು ಮೋಟಾರು ಮುಗಿಯಿತು. ಎಲ್ಲದಕ್ಕೂ ಸಹಿ ಹಾಕಿದೆ. ಮಿಥುನ್‌ದಾ ತಾವೇ ಹೋಗಿ ಚಾ ತಂದರು.

ಊಟದ ಮೇಲೆ ಮತ್ತೆ ಹೆಚ್ಚುಕಡಿಮೆ ಶುರುವಾಯಿತು. ಪರದೆ ಸ್ವಲ್ಪ ಸ್ವಲ್ಪವೇ ನನಗಿಂತ ಮೇಲೆ ಹೋಯಿತು. ನಲವತ್ತೊಂದನೆಯ ಮೋಟಾರಿಗೆ ನಾನು 4.01 ಎಂದೆ, ಇಂಚರಾ 4.16 ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅವರಿಗೆ ಅದು ಅಭ್ಯಾಸವಾಗಿತ್ತು.

"ರಾಜಿದಿ," ಎಂದರು ಮಿಥುನ್‌ದಾ, ತುಂಬ ಮೆತ್ತಗೆ. "ಮತ್ತೆ ಹಗ್ಗವಾ?"

ಮಾವ, ಅನ್ನ ಬೆಂದಿತೋ ಎಂದು ನಾನು ಎಂಟು ಸಲ ನೋಡುವವಳು. ಬೀಗ ಹಾಕಿದೆನೋ ಎಂದು ಬಸ್ ಸ್ಟಾಪಿನಿಂದ ವಾಪಸ್ಸು ಬರುವವಳು. ಆದರೆ ಆ ಹೊತ್ತಿಗೆ ಎದೆ ಹೊಡೆದುಕೊಳ್ಳಲಿಲ್ಲ. ಈಗ ನನ್ನ ಅಂಕಿಯ ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಮೋಟಾರು ನಿಲ್ಲಿಸಿದೆ. ಹಗ್ಗ ಪೂರ್ತಿ ಬಿಚ್ಚಿ ಕೆಳಗಿಟ್ಟೆ. ಎರಡು ತಕ್ಕಡಿಯೂ ಸೊನ್ನೆಗೆ ಬಂದು ನಿಂತವು.

"ಈಗ ಪರದೆ ನೋಡಿ," ಎಂದೆ.

ಪರದೆಯ ಮೇಲೆ 0.15. ಶಾಫ್ಟಿನ ಮೇಲೆ ಒಂದು ನೂಲಿನಷ್ಟೂ ಭಾರ ಇಲ್ಲ, ಆದರೂ ತಾನು ಹೊತ್ತಿದ್ದೇನೆ ಎನ್ನುತ್ತಿತ್ತು. ಇಂಚರಾ ಹಣೆ ಹಣೆ ಚಚ್ಚಿಕೊಂಡಳು.

"ಬೆಳಿಗ್ಗೆ ಜೀರೋ ಮಾಡಿದ್ದೆ ಆಂಟಿ! ಮೋಟಾರಿನ ಪಕ್ಕದಲ್ಲೇ ಇದ್ದು ಬಿಸಿಯಾಗಿ ಸರಿದುಬಿಟ್ಟಿದೆ. ನೀವು ಜೀರೋ ಎಷ್ಟು ಸಲ ನೋಡ್ತೀರಾ?"

"ಪ್ರತಿ ಮೋಟಾರಿಗೂ ಎರಡು ಸಲ. ಮೊದಲು ಒಂದು, ಆಮೇಲೆ ಒಂದು."

"ಯಾಕೆ? ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಹೆದರಿಕೆ."

ಕನ್ನಡ ಬಾರದ ಆ ವಯಸ್ಸಾದ ಮನುಷ್ಯರು ಏನೆಂದಳು ಎಂದು ಕೇಳಿದರು. ಇಂಚರಾ ಬಂಗಾಳಿಯಲ್ಲಿ ಹೇಳಿದಳು. ಅವರು ನಗುತ್ತಾ ಕನ್ನಡಕವನ್ನು ಮೂಗಿನ ಮೇಲೆ ಇಳಿಸಿ, ಇವಳಿಗೆ ಹೆದರಿಕೆ ಹೋಗದ ಹಾಗೆ ನೋಡಿಕೊಳ್ಳಿ ಎಂದು ಮಿಥುನ್‌ದಾಗೆ ಹೇಳಿದರು.

ಪರದೆಯನ್ನು ಸೊನ್ನೆಗೆ ತಂದು ಮತ್ತೆ ಓಡಿಸಿದರೆ ನಲವತ್ತೊಂದಕ್ಕೆ ಎರಡರಲ್ಲೂ 4.01. ನಿಜವಾಗಿಯೂ ಬಲ ಸಾಲದ್ದು. ಊಟದ ನಂತರ ಓಡಿಸಿದವನ್ನೆಲ್ಲ ಮತ್ತೆ ಓಡಿಸಿದೆವು. ಕೊನೆಗೆ ಐವತ್ತೇಳಕ್ಕೆ ಸಹಿ ಹಾಕಿದೆ, ಮೂರನ್ನು ಬದಿಗಿಟ್ಟೆ. ಮೂರರಲ್ಲಿ ಅಪರ್ಣಾ ಸುತ್ತಿದ್ದು ಒಂದೂ ಇಲ್ಲ. ಅದನ್ನು ಅವಳೇ ಎದ್ದು ಬಂದು ಎಣಿಸಿ ನೋಡಿ ಹೋದಳು. ಹೋಗುವಾಗ ನನ್ನ ಡಬ್ಬಿಯಿಂದ ಒಂದು ಚಕ್ಕುಲಿ ಎತ್ತಿಕೊಂಡಳು. ಮಾತು ಇನ್ನೂ ಶುರುವಾಗಿಲ್ಲ.

ಮಿಥುನ್‌ದಾ ಹೊಸ ಹಾಳೆ ಅಚ್ಚು ಹಾಕಿಸಿದ್ದಾರೆ. ಹಗ್ಗಕ್ಕೆ ಒಂದು ಸಾಲು, ಸೆನ್ಸರಿಗೆ ಒಂದು ಸಾಲು. ಎರಡೂ ಒಪ್ಪದಿದ್ದರೆ ಮೋಟಾರು ಬಾಗಿಲು ದಾಟುವ ಹಾಗಿಲ್ಲ. ಕೆಳಗೆ ಸಹಿ ನನ್ನದೊಂದೇ.

ಇನ್ನು ನಿಮ್ಮ ಕಾಗದ.

ಸಿಟ್ಟು ಬಂದಿದೆ. ಬಂದಿಲ್ಲ ಎಂದು ಬರೆದರೆ ನಿಮಗೆ ಗೊತ್ತಾಗುತ್ತದೆ. ಅಪರ್ಣಾ ಬಿಚ್ಚಿ ಸುತ್ತಿದ ಮೋಟಾರುಗಳಲ್ಲಿ ಅರ್ಧ ನನ್ನ ತಪ್ಪು, ಅರ್ಧ ನಿಮ್ಮದು. ಲೆಕ್ಕ ಕಲಿತರೆ ನಾನು ಹೋಗಿಬಿಡುತ್ತೇನೆ ಎಂದು ಹೆದರಿ ನೀವು ಹೇಳಿಕೊಡಲಿಲ್ಲವಂತೆ. ನಾನು ನಿಮ್ಮ ಅಂಗಡಿ ಬಿಟ್ಟದ್ದು ಏಕೆ ಗೊತ್ತುಂಟಾ? ಮದುವೆಯಾಯಿತು ಎಂದು ಮಾತ್ರ ಅಲ್ಲ. ಕೋಲ್ಕತಾ ಬೇಡ ಎಂದಿದ್ದರೆ ಇವರು ಕುಂದಾಪುರದಲ್ಲೇ ಹೋಟೆಲು ನೋಡುತ್ತಿದ್ದರು, ಕೇಳಿಯೂ ಇದ್ದರು. ಮಾವನ ಹತ್ತಿರ ಕಲಿಯಲು ಇನ್ನು ಎಂತದೂ ಉಳಿದಿಲ್ಲ ಎಂದುಕೊಂಡೆ. ಅದಕ್ಕೇ ಹೊರಟೆ.

ಆಯಿತು. ಈಗ ಕೆಲಸದ ಮಾತು. ನಿನ್ನೆ ಕೂತು ಯೋಚಿಸಿದೆ. ಕಾರಣ ಗೊತ್ತಿಲ್ಲದೆ ನಾನು ದಿನಾ ಬಳಸುವ ಅಂಕಿಗಳು ಇನ್ನೂ ಒಂಬತ್ತು ಉಂಟು, ಎಲ್ಲ ನೀವು ಕೊಟ್ಟದ್ದೇ. ವಾರ್ನಿಷ್ ಒಣಗಲು ಆರು ಗಂಟೆ. ಬೇರಿಂಗಿಗೆ ಮೂರನೇ ಒಂದು ಪಾಲು ಗ್ರೀಸು. ತಂತಿಯ ಕಾಯಿಲು ಬಿಸಿಯಾದಾಗ ಅದರ ರೆಸಿಸ್ಟೆನ್ಸಿನ ಓಮ್ ಅಂಕಿಗೆ ಕಾಲು ಪಾಲು ಕೂಡಿಸುವುದು. ಹೀಗೆ ಒಂಬತ್ತು. ಜೊತೆಗಿಟ್ಟ ಹಾಳೆಯಲ್ಲಿ ಬರೆದಿದ್ದೇನೆ. ಒಂದೊಂದರ ಮುಂದೆ ನಾಲ್ಕು ಗೆರೆ ಜಾಗ ಬಿಟ್ಟಿದ್ದೇನೆ. ಅಂಕಿ ನನಗೆ ಗೊತ್ತುಂಟು, ಒಳಗಿನದ್ದು ಬರೆದು ಕಳುಹಿಸಿ. ವಾಪಸ್ಸಿಗೆ ಸ್ಟಾಂಪು ಅಂಟಿಸಿದ ಕವರು ಇಟ್ಟಿದ್ದೇನೆ. ಉದ್ದ ಆದರೂ ಅಡ್ಡಿಯಿಲ್ಲ, ಚಾ ತಣಿದರೆ ಮತ್ತೆ ಕಾಸಿಕೊಳ್ಳುತ್ತೇನೆ.

ಊಟ ಸರಿಯಾಗಿ ಮಾಡಿ.

ರಾಜೀವಿ


ಕುಂದಾಪುರ
22 ಫೆಬ್ರವರಿ 2025

ರಾಜೀವಿ,

ಹಾಳೆ ತುಂಬಿಸಿ ಇದರೊಟ್ಟಿಗೆ ಇಟ್ಟಿದ್ದೇನೆ. ನಾಲ್ಕು ಗೆರೆ ಸಾಲಲಿಲ್ಲ, ಹಿಂಬದಿಯಲ್ಲೂ ಬರೆದಿದ್ದೇನೆ. ನಾಲ್ಕು ದಿನ ಹಿಡಿಯಿತು.

ಒಂಬತ್ತರಲ್ಲಿ ಏಳಕ್ಕೆ ಕಾರಣ ಉಂಟು. ವಾರ್ನಿಷಿನ ಆರು ಗಂಟೆ ಮತ್ತು ಗ್ರೀಸಿನ ಲೆಕ್ಕ, ಈ ಎರಡರ ಮುಂದೆ ಎಂತದೂ ಬರೆದಿಲ್ಲ. ಬಚ್ಚಿಟ್ಟದ್ದಲ್ಲ. ನನಗೆ ಕಲಿಸಿದವರು ಅಂಕಿ ಮಾತ್ರ ಕೊಟ್ಟರು, ಕೇಳಲು ನನಗೂ ಬಾಯಿ ಬರಲಿಲ್ಲ. ನಲವತ್ತು ವರ್ಷ ಹಾಗೆಯೇ ನಡೆಸಿದೆ.

ನಿನ್ನ ಹತ್ತಿರ ಈಗ ಅಳೆಯುವ ಸಾಧನ ಉಂಟು, ಆ ಹುಡುಗಿಯೂ ಇದ್ದಾಳೆ. ಆ ಎರಡನ್ನು ನೀವಿಬ್ಬರು ಅಳೆದು ನೋಡಿ ನನಗೆ ಬರೆ. ಕಾರಣದ ಸಮೇತ.

ಗಣಪಯ್ಯ